ಕೋಚ್ ಕೇಳದ ಟೈಮ್‌ಔಟ್

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನವರಿಗೆ ಆಟ ಚೆನ್ನಾಗಿ ಬರುತ್ತದೆ, ಅಲ್ಲಿನ ಕಾಲೇಜು ತಂಡಗಳವರಿಗೆ ಆಟ ಬೇಕಾಗಿದೆ. ಈ ಮಾತನ್ನು ಕಾರ್ಲ್‌ಸ್ಟಾಡಿನಲ್ಲಿರುವ ಮಗಳ ಮನೆಯ ಅಡುಗೆಮನೆಯಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ, ನಾನು ಬಾಯಿ ತೆರೆಯುವ ಮೊದಲೇ ಅಳಿಯಂದಿರು ಅದನ್ನು ಹೇಳಿ ಮುಗಿಸುತ್ತಿದ್ದರು. ಅವರು ವೃತ್ತಿಪರರ ಪಕ್ಷ, ನಾನು ಕಾಲೇಜಿನ ಪಕ್ಷ. ಮಗಳು ಯಾವ ಪಕ್ಷವೂ ಅಲ್ಲ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಅವಳಿಗೆ ಚೆಂಡು ದುಂಡಗಿದೆ ಎಂಬುದಷ್ಟೇ ಗೊತ್ತು. ಮೊಮ್ಮಗಳಿಗೆ ಆಗ ಹದಿನಾಲ್ಕು. ಅವಳು ಊರಿನ ಕ್ಲಬ್ಬಿನ ಹುಡುಗಿಯರ ತಂಡದಲ್ಲಿ ಆಡುತ್ತಿದ್ದಳು, ನಮ್ಮಿಬ್ಬರ ವಾದವನ್ನೂ ಕೇಳುತ್ತಿದ್ದಳು.

ನಾನು ತುಮಕೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂವತ್ತಮೂರು ವರ್ಷ ದೈಹಿಕ ಶಿಕ್ಷಣದ ಟೀಚರ್ ಆಗಿದ್ದವಳು. ಪ್ರತಿ ಸೋಮವಾರ ಪ್ರಾರ್ಥನೆಯ ಗಂಟೆಗೆ ಮುಂಚೆ ಮಣ್ಣಿನ ಕೋರ್ಟಿನ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದರಿಂದ ನನ್ನ ವಾರ ಶುರುವಾಗುತ್ತಿತ್ತು. ದಾರ ಹಿಡಿದು ಅಳೆದ ಗೆರೆ. ಕಣ್ಣಳತೆಯ ಗೆರೆಯ ಮೇಲೆ ನನ್ನ ಹುಡುಗಿಯರು ಒಂದು ದಿನವೂ ಆಡಿಲ್ಲ. ನಿವೃತ್ತಿಯ ನಂತರವೂ ಆ ಅಭ್ಯಾಸ ಮೈಬಿಟ್ಟು ಹೋಗಲಿಲ್ಲ. ನಾಲ್ಕೂಮುಕ್ಕಾಲಿಗೆ ಏಳುವುದು, ಸ್ನಾನ, ಕಾಫಿ, ರಾತ್ರಿ ಒಂಬತ್ತೂವರೆಗೆ ದೀಪ ಆರಿಸುವುದು. ದೇಶ ಬದಲಾದರೂ ಇದು ಬದಲಾಗಲಿಲ್ಲ.

ಸ್ವೀಡನ್ನಿಗೆ ನನಗೆ ಸಿಗುತ್ತಿದ್ದದ್ದು ತೊಂಬತ್ತು ದಿನಗಳ ವೀಸಾ. ಎರಡು ಸಾವಿರದ ಹತ್ತರ ದಶಕದ ಮಧ್ಯದ ಐದಾರು ವರ್ಷ ನಾನು ಆ ತೊಂಬತ್ತನ್ನು ಜನವರಿಯ ಕೊನೆಯಿಂದ ಏಪ್ರಿಲ್‌ವರೆಗೆ ಹೊಂದಿಸಿಕೊಳ್ಳುತ್ತಿದ್ದೆ. ಇಲ್ಲಿಗೆ ಬರುವ ಅಜ್ಜಿಯರೆಲ್ಲ ಬೇಸಿಗೆಯಲ್ಲಿ ಬರುತ್ತಾರೆ, ನೀನು ಮಾತ್ರ ಹಿಮದಲ್ಲಿ ಬರುತ್ತೀಯ ಎಂದು ಮಗಳು ಆಕ್ಷೇಪಿಸುತ್ತಿದ್ದಳು. ಬೇಸಿಗೆಯಲ್ಲಿ ಬಂದು ಏನು ನೋಡಲಿ? ಕಾಲೇಜುಗಳ ದೊಡ್ಡ ಪಂದ್ಯಾವಳಿ ನಡೆಯುವುದು ಮಾರ್ಚಿನಲ್ಲಿ.

ಅಮೆರಿಕದ ಸಂಜೆಯ ಪಂದ್ಯ ನಮ್ಮ ಮಧ್ಯರಾತ್ರಿಗೆ ಬರುತ್ತದೆ. ನಿದ್ದೆಗೆಟ್ಟು ಆಟ ನೋಡುವುದು ಆಟಕ್ಕೂ ಅವಮಾನ, ನಿದ್ದೆಗೂ ಅವಮಾನ. ಆದ್ದರಿಂದ ಅಳಿಯಂದಿರು ಪಂದ್ಯವನ್ನು ರೆಕಾರ್ಡ್ ಆಗುವಂತೆ ಹಚ್ಚಿ ಮಲಗುತ್ತಿದ್ದರು. ನಾನು ಬೆಳಿಗ್ಗೆ ಐದೂಕಾಲಿಗೆ, ಜಾಹೀರಾತುಗಳನ್ನೆಲ್ಲ ಓಡಿಸಿ ನೋಡುತ್ತಿದ್ದೆ. ಮೊದಲ ವರ್ಷವೇ ಮನೆಯಲ್ಲಿ ಒಂದು ಕಾನೂನು ಮಾಡಿದೆ: ಆರೂವರೆಯ ಮೊದಲು ಯಾರೂ ಫಲಿತಾಂಶ ಹೇಳಕೂಡದು. ಅಳಿಯಂದಿರು ಹಾಸಿಗೆಯಲ್ಲೇ ಫೋನು ನೋಡುವವರು. ಒಂದು ದಿನ ನೀರು ಕುಡಿಯಲು ಬಂದವರು ಒಲೆಯ ಪಕ್ಕ ನಿಂತು ಮೆಲ್ಲಗೆ ಹಾಡಿಕೊಂಡರು. ನಾನು ಟೀವಿ ನಿಲ್ಲಿಸಿದೆ.

"ಅತ್ತೆ, ನಾನೇನೂ ಹೇಳ್ಲಿಲ್ವಲ್ಲ."

"ಹಾಡಿದ್ರಲ್ಲ. ನಿಮ್ಮ ತಂಡ ಸೋತಿದ್ರೆ ಹಾಡ್ತಿದ್ರಾ?"

ಅಂದಿನಿಂದ ಅವರು ಆರೂವರೆಯ ಮೊದಲು ಅಡುಗೆಮನೆಗೆ ಬರುವಾಗ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಬರುತ್ತಿದ್ದರು.

ಆ ಒಂದು ಗಂಟೆಗೆ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಮೊಮ್ಮಗಳು. ರಜಾಯಿ ಸುತ್ತಿಕೊಂಡು, ಬಿಸಿ ಹಾಲಿನ ಲೋಟ ಹಿಡಿದು, ಅರೆಗಣ್ಣಿನಲ್ಲಿ ಬಂದು ನನ್ನ ತೋಳಿಗೆ ಒರಗುತ್ತಿದ್ದಳು. ಉಳಿದ ದಿನವೆಲ್ಲ ಅವಳ ಮಾತು ಸ್ವೀಡಿಶ್, ಹೆಚ್ಚೆಂದರೆ ಇಂಗ್ಲಿಷ್. ನಾನು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಅವಳ ಉತ್ತರ ಇನ್ನೊಂದು ಭಾಷೆಯಲ್ಲಿ ಬಾಗಿಲಿನಾಚೆಯಿಂದ ಬರುತ್ತಿತ್ತು. ಬೆಳಿಗ್ಗೆಯ ಆ ಗಂಟೆಯಲ್ಲಿ ಮಾತ್ರ, ನಿದ್ದೆಯ ಜೊತೆಗೋ ಆಟದ ಜೊತೆಗೋ, ಕನ್ನಡ ಹೊರಗೆ ಬರುತ್ತಿತ್ತು. "ಅಜ್ಜಿ, ಅವ್ಳು ಯಾಕೆ ಆ ಕಡೆ ಓಡಿದ್ಲು?" ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ತೊಂಬತ್ತು ದಿನಗಳಲ್ಲಿ ನನಗೆ ನಿಜವಾಗಿ ಬೇಕಿದ್ದದ್ದು ಆ ಗಂಟೆ ಒಂದೇ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನನ್ನ ಅಭಿಪ್ರಾಯಗಳನ್ನು ಮಾತ್ರ ಎಲ್ಲರಿಗೂ ಹೇಳುತ್ತಿದ್ದೆ. ಆ ವರ್ಷಗಳಲ್ಲಿ ವೃತ್ತಿಪರರೆಲ್ಲ ದೂರದ ಮೂರು ಅಂಕದ ಶಾಟಿಗೆ ಮರುಳಾಗಿದ್ದರು. ನನ್ನ ವಯಸ್ಸಿನವರು ಇದರಿಂದ ಆಟ ಹಾಳಾಯಿತು ಎನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಅಷ್ಟು ದೂರದಿಂದ ಹಾಕಲು ದಿನಕ್ಕೆ ನೂರಾರು ಸಲ ಒಂದೇ ಕೆಲಸವನ್ನು ಒಂದೇ ರೀತಿ ಮಾಡಬೇಕು. ಅಂಥವರನ್ನು ನಾನು ಹೇಗೆ ಬೈಯಲಿ? ನನ್ನ ದೂರು ಬೇರೆ. ಜನವರಿಯಿಂದ ಮಾರ್ಚಿನವರೆಗೆ ಅವರು ಎದುರಾಳಿಯನ್ನು ತಡೆಯುವುದೇ ಇಲ್ಲ. ವರ್ಷವಿಡೀ ಪುಸ್ತಕ ಮುಟ್ಟದೆ ಪರೀಕ್ಷೆಯ ಹಿಂದಿನ ವಾರ ಎದ್ದು ಕೂರುವ ಜಾಣ ಮಕ್ಕಳ ಹಾಗೆ, ಏಪ್ರಿಲ್ ಬಂದ ಮೇಲೆ ಮೊಣಕಾಲು ಬಗ್ಗಿಸುತ್ತಾರೆ. ಪಾಸಾಗುತ್ತಾರೆ, ನಿಜ. ಆದರೆ ಟೀಚರಿಗೆ ಅಂಥ ಮಕ್ಕಳ ಮೇಲೆ ಸಿಟ್ಟಿರುತ್ತದೆ. ಇನ್ನು ಚೆಂಡು ಹಿಡಿದು ಮೂರು ಹೆಜ್ಜೆ ನಡೆಯುವುದು. ದೊಡ್ಡ ಆಟಗಾರ ನಡೆದರೆ ರೆಫರಿಗಳು ಚಾವಣಿ ನೋಡುತ್ತಾರೆ. ನನ್ನ ಕೋರ್ಟಿನಲ್ಲಾಗಿದ್ದರೆ ಆ ಮೂರನೆಯ ಹೆಜ್ಜೆಗೆ ವಿಷಲ್ ಊದಿ ಚೆಂಡು ಕಿತ್ತುಕೊಳ್ಳುತ್ತಿದ್ದೆ.

ಹೆಸರಾಂತ ಆಟಗಾರನೊಬ್ಬ ತಂಡ ಬಿಟ್ಟು ಬಲಿಷ್ಠವಾದ ಇನ್ನೊಂದು ತಂಡ ಸೇರಿದಾಗ ಅಳಿಯಂದಿರು ವಾರವಿಡೀ ದುಃಖಪಟ್ಟರು. ನನಗೆ ಏನೂ ಅನ್ನಿಸಲಿಲ್ಲ. ನಾವು ಟೀಚರುಗಳು ವರ್ಗಾವಣೆಗೆ ಅರ್ಜಿ ಹಾಕಿಕೊಂಡು ಅನುಕೂಲದ ಊರಿಗೆ ಹೋಗಲಿಲ್ಲವೇ? ಅವನು ಅರ್ಜಿಯನ್ನೂ ಹಾಕಬೇಕಾಗಿಲ್ಲ, ಅಷ್ಟೆ.

ಕಾಲೇಜು ಆಟದಲ್ಲಿ ತಪ್ಪುಗಳು ಹೆಚ್ಚು. ಚೆಂಡು ಕೈಜಾರುತ್ತದೆ, ಸುಲಭದ ಶಾಟು ರಿಂಗಿಗೆ ಬಡಿದು ವಾಪಸ್ಸು ಬರುತ್ತದೆ. ಒಳ್ಳೆಯ ಹುಡುಗರು ಒಂದೇ ವರ್ಷ ಆಡಿ ವೃತ್ತಿಪರರ ಕಡೆ ಹೊರಟುಹೋಗುತ್ತಾರೆ. ಕಾಲೇಜುಗಳೂ ಸಾಚಾ ಅಲ್ಲ. ಕ್ರೀಡಾಂಗಣ ತುಂಬ ಟಿಕೆಟ್ ಮಾರಿ ಆಡುವವರಿಗೆ ಊಟ ಮತ್ತು ಪಾಠ ಮಾತ್ರ ಕೊಡುವುದು ನ್ಯಾಯವಲ್ಲ ಎಂದು ಅಳಿಯಂದಿರು ಹೇಳಿದಾಗ ನಾನು ಎದುರಾಡಲಿಲ್ಲ. ಆದರೂ ಅಲ್ಲಿ ಸೋತ ಹುಡುಗ ಟವೆಲಿನಲ್ಲಿ ಮುಖ ಮುಚ್ಚಿಕೊಂಡಾಗ ಅವನಿಗೆ ನಾಳೆ ಇನ್ನೊಂದು ಪಂದ್ಯವಿರುವುದಿಲ್ಲ. ಆ ನಲವತ್ತು ನಿಮಿಷವೇ ಎಲ್ಲ. ಎಲ್ಲಕ್ಕಿಂತ ಮೇಲೆ ನನಗೆ ಕಾಲೇಜು ಹುಡುಗಿಯರ ಆಟ. ಆಗ ಒಂದು ತಂಡ ಎಲ್ಲರನ್ನೂ ಸೋಲಿಸುತ್ತಾ ಹೋಗುತ್ತಿತ್ತು. ಬೋರಾಗುತ್ತದೆ ಎಂದು ಅಳಿಯಂದಿರು ಆಕಳಿಸುತ್ತಿದ್ದರು. ಐದು ಹುಡುಗಿಯರು ಐದೂ ಸಲ ಸರಿಯಾದ ಜಾಗದಲ್ಲಿ ನಿಂತರೆ ನನಗೆ ಬೋರಾಗುವುದಿಲ್ಲ. ನಾನು ಜೀವಮಾನವೆಲ್ಲ ಅದನ್ನು ನೋಡಲು ಕಾದವಳು.

ಈ ಕಾಲೇಜು ಆಟದಲ್ಲಿ ನನಗೆ ತುಂಬ ಹಿಡಿಸಿದ ನಿಯಮ ಒಂದಿತ್ತು. ಅಲ್ಲಿ ಕೋರ್ಟಿನಲ್ಲಿರುವ ಆಟಗಾರ್ತಿಯೇ ಟೈಮ್‌ಔಟ್ ಕೇಳಬಹುದು. ಇಬ್ಬರು ಎದುರಾಳಿಗಳು ಮೂಲೆಯಲ್ಲಿ ಒತ್ತರಿಸಿ ನಿಲ್ಲಿಸಿದಾಗ ಅವಳು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಅಂಗೈಯ ಕೆಳಗೆ ಇನ್ನೊಂದು ಕೈಯ ಬೆರಳು ಚುಚ್ಚಿ ತೋರಿಸುತ್ತಾಳೆ. ರೆಫರಿ ವಿಷಲ್ ಊದುತ್ತಾನೆ, ಆಟ ನಿಲ್ಲುತ್ತದೆ, ಚೆಂಡು ಅವಳ ತಂಡದಲ್ಲೇ ಉಳಿಯುತ್ತದೆ. ಪ್ರತಿ ಸಲವೂ ನಾನು ಮೊಮ್ಮಗಳ ಮಂಡಿ ತಟ್ಟಿ, "ನೋಡು, ಬುದ್ಧಿ ಅಂದ್ರೆ ಅದು. ಗಾಬರಿ ಆಗ್ಲಿಲ್ಲ" ಎನ್ನುತ್ತಿದ್ದೆ. ಎಷ್ಟು ಬೆಳಗು ಹೇಳಿದೆನೋ ಲೆಕ್ಕವಿಲ್ಲ.

ಸ್ವೀಡನ್ನಿನಲ್ಲಿ ಆ ನಿಯಮವಿಲ್ಲ. ಅಲ್ಲಿ ಟೈಮ್‌ಔಟ್ ಕೇಳುವ ಹಕ್ಕು ಕೋಚಿಗೆ ಮಾತ್ರ. ಕೋಚ್ ಅಂಕ ಬರೆಯುವವರ ಮೇಜಿನ ಬಳಿಗೆ ಬಂದು ಕೇಳಬೇಕು. ಮೇಜಿನವರು ಆಟ ನಿಂತ ಗಳಿಗೆ ನೋಡಿ ಬಜರ್ ಒತ್ತಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಏಕೆಂದರೆ ಆ ಮೇಜಿನವಳು ನಾನೇ.

ಅಲ್ಲಿ ಮಕ್ಕಳ ಪಂದ್ಯಗಳ ಮೇಜನ್ನು ಸೆಕ್ರೆಟಾರಿಯಾಟ್ ಎನ್ನುತ್ತಾರೆ. ಒಬ್ಬರು ಅಂಕದ ಹಾಳೆ ಬರೆಯುತ್ತಾರೆ, ಇನ್ನೊಬ್ಬರು ಗಡಿಯಾರ ನೋಡುತ್ತಾರೆ. ತಂದೆತಾಯಂದಿರು ಸರದಿಯ ಮೇಲೆ ಕೂರಬೇಕು. ಅದಕ್ಕೆ ಒಂದು ಸಂಜೆಯ ತರಬೇತಿ ಇತ್ತು. ನಾನೂ ಸೇರುತ್ತೇನೆಂದೆ. ಕ್ಲಬ್ಬಿನಲ್ಲಿ ಈ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು ಕಾಗದದ ಕಾರ್ಖಾನೆಯಿಂದ ನಿವೃತ್ತರಾದ, ನನ್ನದೇ ವಯಸ್ಸಿನ ಹಿರಿಯರು. ಅವರು ಕಂಪ್ಯೂಟರಿನಲ್ಲಿ ನನ್ನ ಹೆಸರು ಹಾಕಲು ಹೋದರೆ ಅದು ಪರ್ಸೂನ್‌ನುಮ್ಮೆರ್ ಕೇಳಿತು. ಆ ದೇಶದ ನಿವಾಸಿಗಳಿಗೆಲ್ಲ ಇರುವ, ನನ್ನಂಥ ತೊಂಬತ್ತು ದಿನದವರಿಗೆ ಇಲ್ಲದ ಸಂಖ್ಯೆ. ಅದಿಲ್ಲದೆ ಕಂಪ್ಯೂಟರ್ ಮುಂದಕ್ಕೆ ಹೋಗಲಿಲ್ಲ. ಅವರು ಅದನ್ನು ಮುಚ್ಚಿ, ಜೇಬಿನಿಂದ ಪೆನ್ಸಿಲ್ ತೆಗೆದು, ಪಟ್ಟಿಯ ಕೊನೆಯಲ್ಲಿ ನನ್ನ ಹೆಸರನ್ನು ಕೈಯಲ್ಲಿ ಬರೆದುಕೊಂಡರು. ನಾನು ತರಬೇತಿಯ ನಿಯಮಗಳ ಪುಸ್ತಕವನ್ನು ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಹೇಳಿಸಿಕೊಂಡು ನೋಟ್‌ಬುಕ್ಕಿನಲ್ಲಿ ಇಳಿಸಿದೆ. ಟೈಮ್‌ಔಟಿನ ನಿಯಮದ ಕೆಳಗೆ ಕೆಂಪು ಗೆರೆಯನ್ನೂ ಎಳೆದೆ. ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ಒಂದೂ ತಪ್ಪಲಿಲ್ಲ. ಮನೆಯಿಂದ ಸ್ಕೇಲು, ಎರಡು ಬಣ್ಣದ ಪೆನ್ನು, ಒಳಗೆ ಹಾಕುವ ಪ್ರತ್ಯೇಕ ಶೂ ಒಯ್ಯುತ್ತಿದ್ದೆ. ನನ್ನ ಹಾಳೆಗಳನ್ನು ಆ ಹಿರಿಯರು ಬೇರೆಯವರಿಗೆ ಮಾದರಿಯೆಂದು ತೋರಿಸುತ್ತಿದ್ದರು.

ಮೊಮ್ಮಗಳಿಗೆ ಹದಿನಾಲ್ಕಿದ್ದ ಆ ವರ್ಷ, ಮಾರ್ಚಿನ ಕೊನೆಯ ಭಾನುವಾರಗಳಲ್ಲೊಂದು. ಉತ್ತರದ ಒಂದು ಊರಿನ ತಂಡದ ಮೇಲೆ ನಮ್ಮ ಹುಡುಗಿಯರ ಪಂದ್ಯ. ಗೆದ್ದವರಿಗೆ ಏಪ್ರಿಲ್‌ನಲ್ಲಿ ಮಾಲ್ಮೋದಲ್ಲಿ ನಡೆಯುವ ಪಂದ್ಯಾವಳಿಗೆ ಪ್ರವೇಶ. ಮೊಮ್ಮಗಳು ಹದಿನೈದು ದಿನದಿಂದ ಮಾಲ್ಮೋ ಮಾಲ್ಮೋ ಎಂದು ಜಪಿಸುತ್ತಿದ್ದಳು. ಸೇತುವೆ ದಾಟಿ ಕೋಪನ್‌ಹೇಗನ್ ನೋಡಿ ಬರುವ ಯೋಜನೆಯೂ ತಂಡಕ್ಕಿತ್ತು. ಬೆಳಿಗ್ಗೆ ನಾವಿಬ್ಬರೂ ಕಾಲೇಜು ಪಂದ್ಯ ನೋಡಿದೆವು. ಕೊನೆಯ ಎರಡು ನಿಮಿಷದಲ್ಲಿ ಒಬ್ಬಳು ಆಟಗಾರ್ತಿ ಎರಡು ಸಲ ಟೈಮ್‌ಔಟ್ ಕೇಳಿ ತಂಡ ಉಳಿಸಿದಳು. ನಾನು ಎರಡು ಸಲ ಮಂಡಿ ತಟ್ಟಿದೆ.

ಮಧ್ಯಾಹ್ನ ಮೇಜಿನಲ್ಲಿ ಹಾಳೆ ಮತ್ತು ಬಜರ್ ನನ್ನ ಕೈಯಲ್ಲಿ, ಗಡಿಯಾರ ಅಳಿಯಂದಿರ ಕೈಯಲ್ಲಿ. ಕೊನೆಯ ಅರ್ಧ ನಿಮಿಷ. ನಾವು ಒಂದು ಅಂಕ ಹಿಂದೆ. ಚೆಂಡು ಮೊಮ್ಮಗಳ ಕೈಯಲ್ಲಿ. ಎದುರಾಳಿಗಳು ಇಬ್ಬರು ಅವಳನ್ನು ನಮ್ಮ ಮೇಜಿನ ಎದುರಿನ ಗೆರೆಗೆ ತಳ್ಳಿ ನಿಲ್ಲಿಸಿದರು. ಚೆಂಡು ಕೊಡಲು ದಾರಿಯಿಲ್ಲ. ಅವಳು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡಳು, ಅಂಗೈಯ ಕೆಳಗೆ ಬೆರಳು ಚುಚ್ಚಿದಳು, ನೇರವಾಗಿ ನನ್ನ ಕಡೆ ನೋಡಿದಳು. ನಾನು ಬಜರ್ ಒತ್ತಿದೆ. ಅಳಿಯಂದಿರು ಗಡಿಯಾರ ನಿಲ್ಲಿಸಿದರು. ರೆಫರಿ ಇನ್ನೂ ಕಾಲೇಜು ಸೇರಿರದ ಹುಡುಗಿ. ಬಜರ್ ಕೇಳಿ ವಿಷಲ್ ಊದಿದಳು. ಎಲ್ಲರೂ ಬೆಂಚಿನ ಕಡೆ ನಡೆದರು.

ಎಲ್ಲ ಸೇರಿ ಎರಡು ಸೆಕೆಂಡು ಹಿಡಿಯಿತೇನೋ. ಮೊಮ್ಮಗಳು, ನಾನು, ಅವಳ ಅಪ್ಪ, ಮೂವರೂ ಒಂದೇ ಅಡುಗೆಮನೆಯಲ್ಲಿ ಕಲಿತ ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿದ್ದೆವು.

ನಾನು ನಮ್ಮ ತಂಡದ ಟೈಮ್‌ಔಟ್ ಚೌಕದಲ್ಲಿ ನಿಮಿಷದ ಅಂಕಿಯನ್ನು ದುಂಡಗೆ ಬರೆಯುತ್ತಿದ್ದೆ. ಅಳಿಯಂದಿರು ಬಾಗಿ, "ಅತ್ತೆ, ಕೋಚ್ ಕೇಳಿದ್ರಾ?" ಎಂದರು.

ನನ್ನ ಪೆನ್ನು ನಿಂತಿತು. ನಮ್ಮ ಕೋಚ್ ಕಡೆ ನೋಡಿದೆ. ಅವನ ಮುಖದಿಂದ ಇನ್ನೂ ಆಶ್ಚರ್ಯ ಇಳಿದಿರಲಿಲ್ಲ.

"ನೀವು ಗಡಿಯಾರ ನೋಡಿ," ಎಂದೆ.

ಟೈಮ್‌ಔಟಿಗೆ ಅರವತ್ತು ಸೆಕೆಂಡು. ಅದರಲ್ಲಿ ಇನ್ನೂ ನಲವತ್ತು ಉಳಿದಿದ್ದವು. ಎದ್ದು ರೆಫರಿಯನ್ನು ಕರೆದು ಹೇಳಲು ಹತ್ತು ಸಾಕಿತ್ತು. ನಾನು ಏಳಲಿಲ್ಲ. ಇದನ್ನು ನಾನು ಇಂದಿಗೂ ನೇರವಾಗಿಯೇ ಹೇಳುತ್ತೇನೆ. ಆಟ ಮತ್ತೆ ಶುರುವಾಯಿತು, ಗೆರೆಯ ಹೊರಗಿನಿಂದ ಚೆಂಡು ಒಳಗೆ ಬಂತು, ಎರಡು ಪಾಸು, ಮೊಮ್ಮಗಳ ಗೆಳತಿ ರಿಂಗಿನ ಕೆಳಗಿನಿಂದ ಹಾಕಿದಳು. ಒಂದು ಅಂಕದಿಂದ ಗೆದ್ದೆವು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು.

ಪಂದ್ಯ ಮುಗಿದ ಮೇಲೆ ಹಾಳೆಯ ಖಾಲಿ ಚೌಕಗಳಿಗೆ ಅಡ್ಡಗೆರೆ ಎಳೆದು, ಬರೆದವರು ಮೊದಲು ಸಹಿ ಹಾಕಬೇಕು, ಆಮೇಲೆ ರೆಫರಿ. ಗೆರೆಗಳನ್ನು ಸ್ಕೇಲು ಇಟ್ಟು ಎಳೆದೆ. ಸಹಿಯ ಜಾಗಕ್ಕೆ ಬಂದಾಗ ಕೈ ಮುಂದೆ ಹೋಗಲಿಲ್ಲ. ಎದುರಾಳಿ ತಂಡದ ಕೋಚ್, ನಲವತ್ತರ ಆಸುಪಾಸಿನ ಹೆಂಗಸು, ಬಂದು ಮೇಜಿನವರ ಕೈಕುಲುಕಿ ಧನ್ಯವಾದ ಹೇಳಿ ಹೋದಳು. ಅವಳು ಗಮನಿಸಿದ್ದಳೋ ಇಲ್ಲವೋ, ಆ ಕ್ಷಣಕ್ಕೆ ನನಗೆ ತಿಳಿಯಲಿಲ್ಲ. ಅವಳು ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಹಾಳೆ ತಿರುಗಿಸಿದೆ. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ: ಕೊನೆಯ ಅರ್ಧ ನಿಮಿಷದಲ್ಲಿ ಕೊಟ್ಟ ಟೈಮ್‌ಔಟನ್ನು ಕೋಚ್ ಕೇಳಿರಲಿಲ್ಲ, ಆಟಗಾರ್ತಿ ಕೇಳಿದ್ದಳು, ಬಜರ್ ಒತ್ತಿದವಳು ನಾನು, ಅದು ತಪ್ಪು, ರೆಫರಿ ನನ್ನ ಬಜರ್ ನಂಬಿ ಆಟ ನಿಲ್ಲಿಸಿದಳು. ಕೆಳಗೆ ಸಹಿ ಹಾಕಿದೆ, ಆಮೇಲೆ ಮುಂಬದಿಗೂ ಹಾಕಿದೆ. ಓದಿದ ರೆಫರಿ ಹುಡುಗಿ ಕಿವಿಯವರೆಗೂ ಕೆಂಪಾದಳು. ಹಾಳೆಯನ್ನು ಕ್ಲಬ್ಬಿನ ಹಿರಿಯರ ಕೈಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಸರಿ ಎಂದು ತಲೆಯಾಡಿಸಿದರು. ಅಷ್ಟು ಹೊತ್ತಿಗೆ ಸುದ್ದಿ ಬಟ್ಟೆ ಬದಲಿಸುವ ಕೋಣೆಗೂ ಮುಟ್ಟಿತ್ತು.

ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನಾನೂ ಮೊಮ್ಮಗಳೂ. ಹೊರಗೆ ಕರಗಿದ ಹಿಮ ರಸ್ತೆಯ ಬದಿಯಲ್ಲಿ ಬೂದಿಬಣ್ಣಕ್ಕೆ ತಿರುಗಿತ್ತು.

"ನಾನು ಚೀಟ್ ಮಾಡ್ದೆ ಅಂತ ಬರ್ದಿದೀಯಾ?"

"ನೀನಲ್ಲ. ನಾನು ಬಜರ್ ಒತ್ತಿದೆ ಅಂತ ಬರ್ದೆ."

"ಯಾರೂ ಕೇಳಿರ್ಲಿಲ್ಲ ಅಜ್ಜಿ. ಯಾರೂ ಏನೂ ಅಂದಿರ್ಲಿಲ್ಲ."

"ಹಾಳೆಗೆ ಸಹಿ ಹಾಕೋಳು ನಾನು ಕಣೇ."

"ನೀನೇ ತಾನೆ ದಿನಾ ಹೇಳಿದ್ದು, ಬುದ್ಧಿ ಅಂದ್ರೆ ಅದು ಅಂತ?"

ಅವಳು ಕಿಟಕಿಯ ಕಡೆ ತಿರುಗಿ ಸ್ವೀಡಿಶಿನಲ್ಲಿ ಏನೋ ಅಂದಳು. ಮುಂದಿನ ಸೀಟಿನಲ್ಲಿದ್ದ ಮಗಳಿಗೆ ಅರ್ಥವಾಯಿತು. ಅವಳು ಅದನ್ನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಐದೂಕಾಲಿಗೆ ಟೀವಿ ಹಾಕಿದೆ. ಹಾಲು ಬಿಸಿ ಮಾಡಿ ಲೋಟಕ್ಕೆ ಹಾಕಿಟ್ಟಿದ್ದೆ. ಅವಳು ಬರಲಿಲ್ಲ. ಏಳಕ್ಕೆ ಎದ್ದು, ನೇರವಾಗಿ ಬ್ಯಾಗು ಹಾಕಿಕೊಂಡು ಶಾಲೆಗೆ ಹೋದಳು. ಮಂಗಳವಾರವೂ ಅಷ್ಟೆ. ಬುಧವಾರ ನಾನು ಹಾಲು ಬಿಸಿ ಮಾಡಲಿಲ್ಲ. ಆಮೇಲೆ ಮನಸ್ಸು ತಡೆಯದೆ ಮಾಡಿದೆ, ಕೆನೆಗಟ್ಟಿದ ಮೇಲೆ ನಾನೇ ಕುಡಿದೆ. ವೀಸಾದ ದಿನಗಳು ಇಪ್ಪತ್ತೈದರ ಒಳಗೆ ಬಂದಿದ್ದವು. ಪತ್ರಿಕೆ ಅಡ್ಡ ಹಿಡಿದು ಬಂದ ಅಳಿಯಂದಿರು ಖಾಲಿ ಜಾಗ ನೋಡಿ, ಪತ್ರಿಕೆ ಕೆಳಗಿಟ್ಟು ಅಲ್ಲೇ ಕೂತರು. ಅಂದು ಫಲಿತಾಂಶ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ನಾನು ಟೀವಿ ನಿಲ್ಲಿಸಲಿಲ್ಲ.

ಮಗಳು ಒಂದು ಮಾತು ಹೇಳಿದಳು. ನಾನು ಮನೆಗೆ ಬಂದು ಹುಡುಗಿಯ ಜೊತೆ ಮೊದಲು ಮಾತಾಡಿ, ಮರುದಿನ ಬರೆದು ಕಳಿಸಿದ್ದರೂ ಆಗುತ್ತಿತ್ತು ಎಂದು. ಯೋಚಿಸಿ ನೋಡಿದೆ. ಮರುದಿನ ಬರೆಯುವ ಧೈರ್ಯ ನನಗೆ ಇರುತ್ತಿರಲಿಲ್ಲ. ಐದೂಕಾಲಿಗೆ ಮೊಮ್ಮಗಳು ಬಂದು ತೋಳಿಗೆ ಒರಗಿದ ಮೇಲೆ ನಾನು ಬರೆಯುತ್ತಿದ್ದೆನೇ? ಇಲ್ಲ. ಅದು ನನಗೆ ಗೊತ್ತಿದ್ದದ್ದರಿಂದಲೇ ಅಲ್ಲೇ, ಆಗಲೇ ಬರೆದದ್ದು.

ಗುರುವಾರ ಕ್ಲಬ್ಬಿನ ಹಿರಿಯರು ಮನೆಗೆ ಬಂದರು. ಶೂ ಬಿಚ್ಚಿ, ಅಡುಗೆಮನೆಯಲ್ಲಿ ಕೂತು, ಅಲ್ಲಿನವರು ಫಿಕಾ ಎನ್ನುವ ಕಾಫಿ-ತಿಂಡಿಯ ಉಪಚಾರಕ್ಕೆಂದು ನಾನು ಕೊಟ್ಟ ಫಿಲ್ಟರ್ ಕಾಫಿ ಮತ್ತು ಕೋಡುಬಳೆಯನ್ನು ಗಂಭೀರವಾಗಿ ಮುಗಿಸಿ, ವಿಷಯಕ್ಕೆ ಬಂದರು. ಎರಡೂ ಕ್ಲಬ್ಬಿನವರು ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ. ಮುಂದಿನ ಭಾನುವಾರ ಅದೇ ಪಂದ್ಯವನ್ನು ಅದೇ ಹಾಲ್‌ನಲ್ಲಿ ಮತ್ತೆ ಆಡುವುದು. ನಾನು ಸ್ಕೇಲು, ಪೆನ್ನು, ನಿಯಮದ ಪುಸ್ತಕ ತಂದು ಅವರ ಮುಂದಿಟ್ಟು, ಬೇರೆಯವರಿಗೆ ಕೊಡಿ ಎಂದೆ. ಅವರು ಅವನ್ನು ನನ್ನ ಕಡೆಗೇ ಸರಿಸಿದರು. ಆ ಭಾನುವಾರಕ್ಕೆ ಉಳಿದ ತಂದೆತಾಯಂದಿರನ್ನು ಕೇಳಿದರೆ ಒಬ್ಬರಿಗೆ ಹಲ್ಲುನೋವು, ಇನ್ನೊಬ್ಬರಿಗೆ ಸ್ಕೀಯಿಂಗ್ ಅಂತೆ. ಅದೂ ಅಲ್ಲದೆ, ಎದುರಾಳಿ ಕೋಚ್ ತಾನೇ ಹೇಳಿದ್ದಳಂತೆ: "ಆ ಹಾಳೆ ಬರೆದವರೇ ಕೂರಲಿ." ಒಂದೇ ಷರತ್ತು. ಒಂದೇ ಮನೆಯ ಇಬ್ಬರು ಮೇಜಿನಲ್ಲಿ ಬೇಡ. ಅಳಿಯಂದಿರನ್ನು ಬನ್ನು ಮತ್ತು ಕಾಫಿ ಮಾರುವ ಕೌಂಟರಿಗೆ ಹಾಕಿದರು.

"ಪ್ರಮೋಷನ್ ಅತ್ತೆ," ಎಂದರು ಅಳಿಯಂದಿರು. ಆ ವಾರದಲ್ಲಿ ಮನೆಯಲ್ಲಿ ಯಾರಾದರೂ ನಕ್ಕಿದ್ದು ಆಗ ಮಾತ್ರ.

ಆ ಭಾನುವಾರ ಬೆಳಿಗ್ಗೆ ನಾನು ಟೀವಿ ಹಾಕಲಿಲ್ಲ. ಪಂದ್ಯದ ದಿನ ಅಮೆರಿಕ ಬೇಡ ಎಂದು ಹೊಸ ಕಾನೂನು ಮಾಡಿಕೊಂಡಿದ್ದೆ, ಇಂದಿಗೂ ಪಾಲಿಸುತ್ತೇನೆ. ಆ ಗಂಟೆಯಲ್ಲಿ ನಿಯಮದ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ.

ಹಾಲ್ ತುಂಬಿತ್ತು. ಪಂದ್ಯ ಹಿಂದಿನದಕ್ಕಿಂತ ಚೆನ್ನಾಗಿತ್ತು. ಎರಡೂ ತಂಡಗಳಲ್ಲಿ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಾಗಿತ್ತು. ಕೊನೆಯ ನಿಮಿಷಕ್ಕೆ ಬಂದಾಗ ಸಮ ಅಂಕ. ಮತ್ತೆ ಚೆಂಡು ಮೊಮ್ಮಗಳ ಕೈಯಲ್ಲಿ, ಮತ್ತೆ ಅದೇ ಇಬ್ಬರು ಹುಡುಗಿಯರು ಅವಳನ್ನು ನಮ್ಮ ಮೇಜಿನ ಕಡೆಯ ಗೆರೆಗೆ ಒತ್ತಿ ತಂದರು. ಹಿಂದಿನ ವಾರ ನಿಂತಿದ್ದ ಜಾಗದಿಂದ ಎರಡು ಮಾರು ದೂರವಿರಬಹುದು. ಅವಳ ಬಲಗೈ ಚೆಂಡಿನಿಂದ ಸ್ವಲ್ಪ ಬಿಡಿಸಿಕೊಂಡಿತು. ಅವಳು ನನ್ನ ಕಡೆ ನೋಡಿದಳು.

ನಾನು ನನ್ನ ಬಲಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತಿದ್ದೆ. ಅವಳಿಗೆ ಅದು ಕಾಣಿಸಿತು.

ಕೈ ಮತ್ತೆ ಚೆಂಡಿಗೆ ಹೋಯಿತು. ಒಂದು ಕಾಲನ್ನು ನೆಲಕ್ಕೆ ಊರಿ ಇನ್ನೊಂದರಲ್ಲಿ ಸುತ್ತಿದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಅದನ್ನು ಪಿವಟ್ ಎನ್ನುತ್ತೇವೆ. ನಾನು ತುಮಕೂರಿನ ಮಣ್ಣಿನಲ್ಲಿ ಹುಡುಗಿಯರಿಗೆ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ. ದಾರಿ ತೆರೆಯಲಿಲ್ಲ. ಹತ್ತಿರದಿಂದ ತಡೆದಾಗ ಐದು ಸೆಕೆಂಡಿಗಿಂತ ಹೆಚ್ಚು ಚೆಂಡು ಹಿಡಿದು ನಿಲ್ಲುವಂತಿಲ್ಲ. ರೆಫರಿಯ ವಿಷಲ್ ಬಂತು. ಚೆಂಡು ಆ ಕಡೆಗೆ ಹೋಯಿತು, ಅವರು ಹಾಕಿದರು, ಎರಡು ಅಂಕದಿಂದ ನಾವು ಸೋತೆವು. ಹಾಳೆಯಲ್ಲಿ ಅಂಕಗಳಿಗೆ, ಫೌಲುಗಳಿಗೆ, ಟೈಮ್‌ಔಟುಗಳಿಗೆ ಚೌಕಗಳಿವೆ. ಅವಳು ಕೈ ಹಿಂದೆಗೆದುಕೊಂಡದ್ದನ್ನು ಬರೆಯಲು ಚೌಕವಿರಲಿಲ್ಲ. ಗೆರೆ ಎಳೆದು ಸಹಿ ಹಾಕಿದೆ. ಕೈ ತಡೆಯಲಿಲ್ಲ.

ಮಾಲ್ಮೋಗೆ ಉತ್ತರದ ಹುಡುಗಿಯರು ಹೋದರು. ಅಳಿಯಂದಿರು ಉಳಿದ ಬನ್ನುಗಳನ್ನು ಕಟ್ಟಿಸಿಕೊಂಡು ಬಂದಿದ್ದರು. ಕಾರಿನಲ್ಲಿ ಮೊಮ್ಮಗಳು ಎರಡು ತಿಂದಳು.

ಸೋಮವಾರ ಐದೂಕಾಲು. ಕಾಲೇಜು ಹುಡುಗಿಯರ ಸೆಮಿಫೈನಲ್. ಹಾಲು ಬಿಸಿ ಮಾಡಿದ್ದೆ, ಅಭ್ಯಾಸ. ಎರಡನೆಯ ಕ್ವಾರ್ಟರ್ ಶುರುವಾಗುವ ಹೊತ್ತಿಗೆ ಹಿಂದೆ ರಜಾಯಿ ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು. ಅವಳು ಬಂದು ಕೂತಳು. ತೋಳಿಗೆ ಒರಗಲಿಲ್ಲ, ಲೋಟ ಮಾತ್ರ ತೆಗೆದುಕೊಂಡಳು. ನಾನು ತೆರೆಯ ಕಡೆಗೇ ನೋಡಿದೆ.

ಕೊನೆಯ ಹೊತ್ತಿನಲ್ಲಿ ಒಬ್ಬಳು ಆಟಗಾರ್ತಿ ಮೂಲೆಗೆ ಸಿಕ್ಕಿಬಿದ್ದು, ಚೆಂಡನ್ನು ಕಂಕುಳಿಗೆ ಅವುಚಿ, ಅಂಗೈಗೆ ಬೆರಳು ಚುಚ್ಚಿದಳು. ವಿಷಲ್. ಎಲ್ಲರೂ ಬೆಂಚಿನ ಕಡೆ ನಡೆದರು. ಆಟಗಾರ್ತಿಯೇ ಟೈಮ್‌ಔಟ್ ಕೇಳುವ ನಿಯಮ ಒಳ್ಳೆಯದೆಂಬ ನನ್ನ ಅಭಿಪ್ರಾಯ ಅಂದಿಗೂ ಬದಲಾಗಿರಲಿಲ್ಲ, ಇಂದಿಗೂ ಬದಲಾಗಿಲ್ಲ. ಆದರೆ ನನ್ನ ಕೈ ಅವಳ ಮಂಡಿಯ ಕಡೆ ಹೋಗಲಿಲ್ಲ. ಜಾಹೀರಾತು ಬಂತು. ಅದನ್ನು ಓಡಿಸುವುದನ್ನೂ ಮರೆತು ಕೂತಿದ್ದೆ.

"ಅವ್ಳು ಪಿವಟ್ ಮಾಡ್ಬಹುದಿತ್ತು ಅಜ್ಜಿ," ಎಂದಳು ಮೊಮ್ಮಗಳು. "ಎಡಗಡೆ ಜಾಗ ಇತ್ತು. ಹಿಂದಕ್ಕೆ ಹಾಕು, ತೋರಿಸ್ತೀನಿ."

ನಾನು ರಿಮೋಟನ್ನು ಅವಳ ಕೈಗೆ ಕೊಟ್ಟೆ.